ಪರಿವಿಡಿಯ ಪುಟ ಬರೆಯುತ್ತಿರುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಕಾಗದ ಸೋಮವಾರ ಬಂತು. "ಇಷ್ಟು ವರ್ಷ ಚಿತ್ರಕಲೆ ಕಲಿತದ್ದು ಯಾರದೋ ಪುಸ್ತಕದ ಪರಿವಿಡಿಗೆ ಬಳ್ಳಿ, ಹಕ್ಕಿ ಬರೆಯುವುದಕ್ಕಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಕೆಲಸ ಕೊಟ್ಟವರು ಪುಸ್ತಕದಲ್ಲಿ ನಿನ್ನ ಹೆಸರು ಹಾಕುವುದಿಲ್ಲ ಎಂದಿದ್ದಾರೆ ಅಂತಲೂ ಬರೆದಿದ್ದೀಯ. ಇವೆರಡನ್ನೂ ಒಂದೇ ಗಂಟು ಕಟ್ಟಬೇಡ ಮಗಳೇ. ಮೊದಲನೆಯ ಮಾತು ನನಗೆ ಒಪ್ಪಿಗೆಯಿಲ್ಲ. ಎರಡನೆಯದರಲ್ಲಿ ನಾನು ಪೂರ್ತಿ ನಿನ್ನ ಕಡೆ.

ನಿನ್ನ ದೊಡ್ಡಪ್ಪನ ಜೊತೆ ಚೆನ್ನೈಗೆ ಹೋಗಿದ್ದಾಗ ಅಲ್ಲಿನ ಅರ್ಮೇನಿಯನ್ ಬೀದಿಯ ಚರ್ಚು ನೋಡಿದ ವಿಷಯ ಹೇಳಿದ್ದೆನಲ್ಲ? 1772ರಲ್ಲಿ ಕಟ್ಟಿದ್ದು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 1794ರಲ್ಲಿ ಅದೇ ಊರಿನಲ್ಲಿ ಅಚ್ಚಾಯಿತು. ನೆಲದಲ್ಲಿ ಹಾಸಿದ ಗೋರಿಕಲ್ಲುಗಳ ಮೇಲಿನ ಆ ಅಕ್ಷರಗಳನ್ನು ಓದಲು ಬಾರದಿದ್ದರೂ ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಅವತ್ತಿನಿಂದ ಆ ಜನರ ಚಿತ್ರಗಳು ಎಲ್ಲಿ ಸಿಕ್ಕರೂ ಬಿಡದೆ ನೋಡುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಅಲ್ಲೇ.

ಯೇಸುವಿನ ಬದುಕು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದೇ ಪ್ರಸಂಗ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸಲು 4ನೇ ಶತಮಾನದಲ್ಲಿ ಯುಸೇಬಿಯಸ್ ಎಂಬ ಪಂಡಿತ ಹತ್ತು ಕೋಷ್ಟಕ ಮಾಡಿದ. ಬರೀ ಅಂಕಿಗಳ ಸಾಲು. ಪರಿವಿಡಿಗಿಂತಲೂ ಒಣಕಲು ಕೆಲಸ ಅನ್ನಬಹುದು. ಅರ್ಮೇನಿಯನ್ ಚಿತ್ರಕಾರರು ಆ ಅಂಕಿಗಳ ಸಾಲುಗಳ ನಡುವೆ ಕಂಬ ನಿಲ್ಲಿಸಿದರು, ಮೇಲೆ ಕಮಾನು ಏರಿಸಿದರು, ಕಮಾನಿನ ನೆತ್ತಿಯಲ್ಲಿ ನವಿಲು ಕೂರಿಸಿದರು, ಪಕ್ಕದಲ್ಲಿ ದಾಳಿಂಬೆ ಗಿಡ ನೆಟ್ಟರು. ಆ ಪುಟಗಳನ್ನು ಖೋರಾನ್ ಎಂದು ಕರೆದರು. ಗರ್ಭಗುಡಿಗೂ ಅವರಲ್ಲಿ ಅದೇ ಮಾತು. 12ನೇ ಶತಮಾನದ ಧರ್ಮಗುರು, ಕವಿ ನೆರ್ಸೆಸ್ ಶ್ನೋರ್ಹಾಲಿ ಆ ಪುಟಗಳಿಗೇ ಒಂದು ವ್ಯಾಖ್ಯಾನ ಬರೆದಿದ್ದಾನೆ. ಬಣ್ಣ ಬಣ್ಣಕ್ಕೂ, ಹಕ್ಕಿ ಹಕ್ಕಿಗೂ ಅರ್ಥ ಹೇಳಿದ್ದಾನೆ. ಓದುವವನು ದೇವರ ಮಾತಿನೊಳಗೆ ಕಾಲಿಡುವ ಮೊದಲು ಅವನ ಕಣ್ಣು, ಮನಸ್ಸು ಈ ಪುಟಗಳಲ್ಲಿ ಮಡಿಯಾಗಬೇಕು ಎಂಬುದು ಆ ವ್ಯಾಖ್ಯಾನದ ಭಾವ. ಪುಸ್ತಕಕ್ಕೆ ಚಿತ್ರ ಬರೆಯುವವನಿಗೆ ಅವರು ಇಟ್ಟ ಹೆಸರು ತ್ಸಾಘ್ಕೋಘ್, ಹೂ ಅರಳಿಸುವವ ಎಂದು. ಇಷ್ಟು ಚೆಂದದ ಹೆಸರು ಈ ಕಸುಬಿಗೆ ಬೇರೆ ಯಾವ ಭಾಷೆಯಲ್ಲೂ ನಾನು ಕೇಳಿಲ್ಲ.

ತೋರೋಸ್ ರೋಸ್ಲಿನ್ ಅಂಥವನು. ಯೂಫ್ರಟಿಸ್ ನದಿಯ ಮೇಲಿನ ಹ್ರೋಮ್ಕ್ಲಾ ಕೋಟೆಯಲ್ಲಿ ಅರ್ಮೇನಿಯನ್ ಚರ್ಚಿನ ಮಹಾಗುರುಗಳ ಪೀಠವಿತ್ತು, ಅಲ್ಲೇ ಅವನ ಕೆಲಸ. 1256ರಿಂದ 1268ರವರೆಗೆ ಅವನು ಹೆಸರು ಹಾಕಿದ ಏಳು ಪುಸ್ತಕಗಳು ಉಳಿದಿವೆ. ಅವನ ಪುಟದಲ್ಲಿ ಮುಖಗಳು ಮುಖಗಳಾಗಿವೆ, ಅಳುವವರು ನಿಜವಾಗಿ ಅಳುತ್ತಾರೆ. ನಮಗೆ ಉಳಿದಿರುವುದು ಅವನ ಪುಸ್ತಕದ ಪುಟಗಳು ಮಾತ್ರ. ಅವನನ್ನು ದೊಡ್ಡ ಕಲಾವಿದ ಅನ್ನಲು ಅಷ್ಟು ಸಾಕಾಗಿದೆ.

ಅವರ ಕೆಂಪು ಬಣ್ಣದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅರ್ಮೇನಿಯದ ಅರಾರತ್ ಬಯಲಿನ ಉಪ್ಪುನೆಲದಲ್ಲಿ ಹುಲ್ಲಿನ ಬೇರು ಹಿಡಿದು ಬದುಕುವ ಒಂದು ಹುಳು ಇದೆ. ಶರತ್ಕಾಲದ ಕೆಲವೇ ವಾರಗಳಲ್ಲಿ, ಬೆಳಗಿನ ಹೊತ್ತು ಹೆಣ್ಣುಹುಳು ಮಣ್ಣಿನಿಂದ ಮೇಲೆ ಬರುತ್ತದೆ. ಆಗ ಆಯ್ದು, ಒಣಗಿಸಿ ಕೆಂಪು ತೆಗೆಯಬೇಕು. ವೋರ್ದಾನ್ ಕಾರ್ಮಿರ್ ಎನ್ನುತ್ತಾರೆ, ಹುಳುವಿನ ಕೆಂಪು ಎಂದರ್ಥ. ನೀನು ಪರದೆಯ ಮೇಲೆ ಬೆರಳಿಟ್ಟರೆ ಕೆಂಪು ಬರುತ್ತದೆ, ಅದು ತಪ್ಪಲ್ಲ. ಆದರೆ ಆರಿಸುವಾಗ ಒಂದು ಕ್ಷಣ ನಿಲ್ಲು. ಈ ಕೆಂಪೇ ಏಕೆ ಎಂದು ನಿನ್ನನ್ನೇ ಕೇಳಿಕೋ.

ಈಗ ಹೆಸರಿನ ವಿಷಯ.

ಆ ಪುಸ್ತಕಗಳ ಕೊನೆಯಲ್ಲಿ ಹಿಷಾತಕರಾನ್ ಎಂಬ ಬರಹ ಇರುತ್ತದೆ, ನೆನಪಿನ ಓಲೆ ಅನ್ನು. ಯಾರು ಬರೆಸಿದರು, ಯಾರು ಬರೆದರು, ಯಾರು ಚಿತ್ರ ಬಿಡಿಸಿದರು, ಯಾವ ಊರು, ಆಗ ಯಾರ ಆಳ್ವಿಕೆ, ಚಳಿ ಎಷ್ಟಿತ್ತು, ಯಾವ ದಂಡು ಬಂದು ಊರು ಸುಟ್ಟಿತು, ಎಲ್ಲವೂ ಅಲ್ಲಿ ದಾಖಲು. ರೋಸ್ಲಿನ್ ತನ್ನ ತಮ್ಮನೋ ಅಣ್ಣನೋ ಆದ ಆಂತೋನ್‌ನನ್ನು, ಪಾಠ ಹೇಳಿದ ಗುರುಗಳನ್ನು ನೆನೆದು ಅವರಿಗಾಗಿ ಪ್ರಾರ್ಥಿಸಿ ಎಂದು ಓದುವವರನ್ನು ಕೇಳಿಕೊಳ್ಳುತ್ತಾನೆ. 1268ರ ಪುಸ್ತಕದಲ್ಲಿ ಅಂತಿಯೋಕ್ ನಗರ ಈಜಿಪ್ಟಿನ ಸುಲ್ತಾನನ ಕೈಸೇರಿದ ಸುದ್ದಿಯನ್ನೂ ಬರೆದಿಟ್ಟ. ನಮ್ಮ ಓಲೆಗರಿ ಬರೆದವರೂ 'ಭಗ್ನಪೃಷ್ಠಕಟಿಗ್ರೀವಃ' ಎಂದು, ಬೆನ್ನು ಸೊಂಟ ಕತ್ತು ಮುರಿಯುವಂತೆ ಕೂತು ಬರೆದಿದ್ದೇನೆ, ಜೋಪಾನ ಮಾಡಿ ಎಂದು ಬೇಡಿಕೊಂಡಿದ್ದಾರಲ್ಲ, ಹಾಗೇ. ಹ್ರೋಮ್ಕ್ಲಾ 1292ರಲ್ಲಿ ಶತ್ರುವಿನ ಪಾಲಾಯಿತು. ಆ ಚಿತ್ರಶಾಲೆಯ ಕಥೆ ಇವತ್ತು ನನ್ನಂಥವಳಿಗೂ ಗೊತ್ತಿದೆ ಅಂದರೆ ಅದು ಆ ಕೊನೆಯ ಪುಟಗಳಿಂದ.

ಆದ್ದರಿಂದ ಕೆಲಸ ಕೊಟ್ಟವರ ಹತ್ತಿರ ಇನ್ನೊಮ್ಮೆ ಹೋಗಿ ಕೇಳು. ಜಗಳವಾಡಬೇಡ, ತಲೆ ತಗ್ಗಿಸಲೂ ಬೇಡ. 'ಚಿತ್ರಗಳು' ಎಂದು ಒಂದು ಸಾಲು ಬೇಕು ಅನ್ನು. ಕೇಳುವಾಗ ನಿನ್ನೊಬ್ಬಳ ಹೆಸರನ್ನೇ ಕೇಳಬೇಡ. ಪುಟ ಜೋಡಿಸುವ ಹುಡುಗ, ಕರಡು ತಿದ್ದುವ ಹಿರಿಯರು ಇದ್ದಾರೆ ಅಂದೆಯಲ್ಲ, ಅವರದ್ದೂ ಸೇರಲಿ.

ಒಂದು ಪುಸ್ತಕದ ಬೆಲೆ ಏನು ಅಂತ ಆ ಜನ ಬಲ್ಲರು. ದಂಡಿನವರು ಹೊತ್ತೊಯ್ದ ಪುಸ್ತಕಗಳನ್ನು ಸೆರೆಸಿಕ್ಕ ಮಕ್ಕಳನ್ನು ಬಿಡಿಸಿಕೊಳ್ಳುವ ಹಾಗೆ ಹಣ ಕೊಟ್ಟು ಬಿಡಿಸಿಕೊಂಡು, ಅದನ್ನೂ ಅದೇ ಪುಸ್ತಕದಲ್ಲಿ ಬರೆದಿಟ್ಟರು. 1200ರಿಂದ 1202ರ ನಡುವೆ ತಯಾರಾದ ಮುಷ್ ಊರಿನ ಧರ್ಮೋಪದೇಶಗಳ ಹೊತ್ತಗೆ ಸುಮಾರು 28 ಕಿಲೋ ತೂಗುತ್ತದೆ. ತುರ್ಕಿಯಲ್ಲಿ ಅರ್ಮೇನಿಯನ್ನರ ಮೇಲೆ ನಡೆದ 1915ರ ನರಮೇಧದ ಹೊತ್ತಿನಲ್ಲಿ ಇಬ್ಬರು ಹೆಂಗಸರು ಅದನ್ನು ಎರಡು ಭಾಗ ಮಾಡಿ ಹೊತ್ತು ನಡೆದರು, ಒಂದು ಭಾಗ ಅರ್ಮೇನಿಯದ ಚರ್ಚಿನ ಪೀಠವಿರುವ ಎಚ್‌ಮಿಯಾದ್ಜಿನ್ ತಲುಪಿತು, ಇನ್ನೊಂದನ್ನು ದಾರಿಯಲ್ಲಿ ಹೂತಿಡಬೇಕಾಯಿತು ಎಂದು ಹೇಳುತ್ತಾರೆ. ಹೂತಿಟ್ಟದ್ದೂ ಮುಂದೆ ಸಿಕ್ಕಿತು. ಈಗ ಅರ್ಮೇನಿಯದ ರಾಜಧಾನಿ ಯೆರೆವಾನ್ ನಗರದ ಮಾತೆನಾದಾರಾನ್ ಗ್ರಂಥಾಲಯದಲ್ಲಿದೆ. ಆ ಹೆಂಗಸರ ಹೆಸರು ನಾನು ಓದಿದ ಯಾವುದರಲ್ಲೂ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ರೋಸ್ಲಿನ್‌ನ 1256ರ ಪುಸ್ತಕವೂ ಅಲ್ಲೇ ಇದೆ. ಆದರೆ ಅದರ ಖೋರಾನ್ ಪುಟಗಳಲ್ಲಿ ಎಂಟು ಬೇರೆಯಾಗಿ ಅಮೆರಿಕದ ಗೆಟ್ಟಿ ವಸ್ತುಸಂಗ್ರಹಾಲಯ ಸೇರಿದವು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 2015ರಲ್ಲಿ ಅವು ಚರ್ಚಿನ ಸ್ವತ್ತು ಎಂದು ಸಂಗ್ರಹಾಲಯ ಒಪ್ಪಿತು, ಚರ್ಚು ಅವನ್ನು ಅಲ್ಲಿಗೇ ಕೊಡುಗೆಯಾಗಿ ಕೊಟ್ಟಿತು. ಎಂಟು ಅಂಕಿಪಟ್ಟಿಯ ಪುಟಗಳಿಗಾಗಿ ಇಷ್ಟೆಲ್ಲ ನಡೆಯಿತು, ನೋಡು.

'ಕ್ಯಾನ್ವಾಸ್ ಯಾವಾಗ ಹಿಡಿಯಲಿ?' ಅಂತಲೂ ಕೇಳಿದ್ದೀಯ. ಹಿಡಿ, ಯಾರು ಬೇಡ ಅಂದರು? ನೋರಾವಾಂಕ್ ಮಠದಲ್ಲಿದ್ದ ಮೊಮಿಕ್ ಪುಸ್ತಕಕ್ಕೆ ಚಿತ್ರ ಬರೆದ ಕೈಯಲ್ಲೇ ಉಳಿ ಹಿಡಿದ. 1308ರಲ್ಲಿ ಅವನು ಕೆತ್ತಿದ ಖಾಚ್‌ಕಾರ್, ಅಂದರೆ ಶಿಲುಬೆಗಲ್ಲು, ಕಲ್ಲನ್ನು ಕಸೂತಿ ಮಾಡಿದಂತಿದೆ. ಪುಟದ ಅಂಚಿನ ಬಳ್ಳಿಯೇ ಕಲ್ಲಿಗೆ ಹಬ್ಬಿದೆ ಅನ್ನಿಸುತ್ತದೆ. ಒಂದು ಕೆಲಸ ಇನ್ನೊಂದನ್ನು ಕಸಿಯುವುದಿಲ್ಲ.

ಅವಸರ ಮಾತ್ರ ಬೇಡ. ವಾನ್ ಸರೋವರದ ದಡದ ಹಳ್ಳಿಯಲ್ಲಿ ಹುಟ್ಟಿದ ವೊಸ್ತಾನಿಕ್ ಅದೋಯಾನ್ ಎಂಬ ಹುಡುಗನ ತಾಯಿ 1919ರಲ್ಲಿ ಯೆರೆವಾನ್‌ನಲ್ಲಿ ಹಸಿವಿನಿಂದ ತೀರಿಕೊಂಡಳು. ಹುಡುಗ ಅಮೆರಿಕ ಸೇರಿ ಅರ್ಶೈಲ್ ಗೋರ್ಕಿ ಎಂದು ಹೆಸರು ಬದಲಿಸಿಕೊಂಡ. ತಾಯಿ ಕೂತು, ಮಗ ಪಕ್ಕದಲ್ಲಿ ನಿಂತು ತೆಗೆಸಿಕೊಂಡ 1912ರ ಒಂದು ಫೋಟೋ ಅವನ ಬಳಿ ಇತ್ತು. ಅದನ್ನಿಟ್ಟುಕೊಂಡು 1926ರಲ್ಲಿ ತೊಡಗಿ ವರ್ಷಗಟ್ಟಲೆ ಎರಡು ಚಿತ್ರ ಬರೆದ, ಉಜ್ಜಿ ಮತ್ತೆ ಬರೆದ. ತಾಯಿಯ ಕೈಗಳನ್ನು ಬಿಳಿ ಮೋಡದ ಹಾಗೆ ಹಾಗೇ ಬಿಟ್ಟ. ನಿಮ್ಮಜ್ಜಿ ತೀರಿಕೊಂಡ ವರ್ಷ ಆ ಚಿತ್ರದ ಮುದ್ರಿತ ಪ್ರತಿ ನೋಡಿ ನಾನು ಅತ್ತಿದ್ದೇನೆ. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಹನ್ನೊಂದರ ಮೇಲೆ ಕಣ್ಣಿಗೆ ಕೆಲಸ ಕೊಡಬೇಡ. ಪರಿವಿಡಿಯ ಪುಟಕ್ಕೆ ನಮ್ಮ ಹಿತ್ತಲ ದಾಳಿಂಬೆಯನ್ನೇ ಬರೆಯುವುದಾದರೆ ಹೇಳು, ಹೂವಿರುವಾಗಲೇ ಫೋಟೋ ತೆಗೆಸಿ ಕಳಿಸುತ್ತೇನೆ. ಪುಸ್ತಕ ಅಚ್ಚಾದ ದಿನ ನನಗೊಂದು ಪ್ರತಿ ತಲುಪಿಸು. ಕೊನೆಯ ಪುಟವನ್ನೇ ಮೊದಲು ತೆರೆಯುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ