‘ಪೇಷಂಟ್ ಕಡೆಯವರು ಯಾರು?’ ಎಂದು ಕೂಗಿದ ರಾತ್ರಿ ಪಕ್ಕದಲ್ಲಿ ಕೂತವಳಿಗೆ

ನಮ್ಮ ಸಿನಿಮಾ ಮುಗಿಯಿತು. ಕಳೆದ ಶನಿವಾರ ಕಾಲೇಜಿನ ಸೆಮಿನಾರ್ ಹಾಲ್‌ನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ತೋರಿಸಿಯೂ ಆಯಿತು. ಬಂದವರಿಗೆ, ಬರಲಾಗದೆ ಫೋನ್ ಮಾಡಿದವರಿಗೆ ಅಂದೇ ನಾಲ್ಕು ಮಾತು ಹೇಳಬೇಕಿತ್ತು. ಮೈಕ್ ಕೈಗೆ ಬಂದಾಗ ಗಂಟಲು ಕಟ್ಟಿಕೊಂಡಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪನಿಗೆ ಏನಾಗಿತ್ತು ಎನ್ನುವುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತು. ಮತ್ತೆ ಹೇಳುವುದಿಲ್ಲ. ಈಗ ಮನೆಯಲ್ಲಿದ್ದಾರೆ. ಕೋಲು ಹಿಡಿದು ತೋಟದ ಮೊದಲ ಸಂಕದವರೆಗೆ ಹೋಗಿ ಬರುತ್ತಾರೆ. ಬಲಗೈ ಇನ್ನೂ ಮೊದಲಿನ ಹಾಗೆ ಇಲ್ಲ.

ಕ್ಯಾಮೆರಾ ಹಿಡಿದವನಿಗೆ, ಪರೀಕ್ಷೆ ಹತ್ತಿರವಿದ್ದರೂ ಎಡಿಟಿಂಗ್‌ಗೆ ಕೂತವಳಿಗೆ, ಲೈಟು ಹೊತ್ತ ಜೂನಿಯರ್‌ಗಳಿಗೆ, ಬಾಡಿಗೆ ಕಮ್ಮಿ ಮಾಡಿಕೊಂಡ ಜೀಪಿನ ಅಣ್ಣನಿಗೆ, ಅಟೆಂಡೆನ್ಸ್ ಬಗ್ಗೆ ಒಂದು ಮಾತೂ ಆಡದ ನಮ್ಮ ಮೇಷ್ಟರಿಗೆ ನಾನು ಋಣಿ. ಉಳಿದದ್ದೆಲ್ಲ ಅಕ್ಕನ ಬಗ್ಗೆ. ಬೇರೆಯವರು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಗೊತ್ತು, ಯಾಕೆಂದರೆ ಅವರೆಲ್ಲ ಅವಳನ್ನು ನೋಡಿದ್ದಾರೆ.

ಹೆಸರು ಹಾಕಬೇಡ ಎಂದಿದ್ದಾಳೆ. ಹಾಸ್ಟೆಲಿನಲ್ಲಿ ನಮ್ಮ ಎದುರು ರೂಮಿನ ಸೀನಿಯರ್, ಸೌಂಡ್ ಕಲಿತವಳು, ಆಗಲೇ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದವಳು. ಹಾರರ್ ಮಾಡುತ್ತೇವೆ ಎಂದು ನಮ್ಮ ತಂಡ ಬರೆದುಕೊಟ್ಟಾಗ ಮೇಷ್ಟರು ಒಂದೇ ಷರತ್ತು ಹಾಕಿದ್ದರು: ಮೊದಲು ಒಳ್ಳೆಯ ಹಾರರ್ ಸಿನಿಮಾಗಳ ಆರಂಭವನ್ನು ಶಾಟ್ ಶಾಟ್ ಆಗಿ ಬಿಡಿಸಿ ಬರೆಯಿರಿ, ಆಮೇಲೆ ನಿಮ್ಮ ಸ್ಕ್ರಿಪ್ಟ್ ತನ್ನಿ. ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಶಾಟ್ ನಂಬರ್, ಸಮಯ, ಕ್ಯಾಮೆರಾ, ಸದ್ದು ಎಂದು ಕಾಲಂ ಮಾಡಿಟ್ಟಿದ್ದೆ. ಅಷ್ಟರಲ್ಲಿ ಊರಿನಿಂದ ಫೋನ್ ಬಂತು.

ಐಸಿಯು ಹೊರಗಿನ ಕುರ್ಚಿಗಳಲ್ಲಿ ಹಗಲು ಅಮ್ಮ, ರಾತ್ರಿ ನಾನು. ಅಕ್ಕ ರಜೆ ಹಾಕಿ ಬಂದಳು. ಬರುವಾಗ ಲ್ಯಾಪ್‌ಟಾಪ್ ಜೊತೆಗೆ ನನ್ನ ನೋಟ್‌ಬುಕ್ಕನ್ನೂ ರೂಮಿನಿಂದ ತಂದಿದ್ದಳು. ಈಗ ಇದೆಲ್ಲ ಬೇಡ ಅಕ್ಕ ಎಂದೆ. ‘ಪೂರ್ತಿ ಸಿನಿಮಾ ನೋಡು ಅಂತ ನಾನೂ ಹೇಳ್ತಿಲ್ಲ. ಯಾವಾಗ ಕರೀತಾರೋ ಗೊತ್ತಿಲ್ಲ. ಶುರು ಮಾತ್ರ ನೋಡೋಣ, ಕರೆದರೆ ಎದ್ದು ಹೋಗು’ ಎಂದಳು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ನನ್ನ ಇನ್ನೊಂದು ಕಿವಿ ಬಾಗಿಲ ಕಡೆಗಿತ್ತು.

ಅವಳದ್ದೊಂದು ಕ್ರಮವಿತ್ತು. ಮೊದಲು ಇದ್ದ ಹಾಗೇ ನೋಡುವುದು. ಆಮೇಲೆ ಸದ್ದು ಪೂರ್ತಿ ತೆಗೆದು ನೋಡುವುದು. ಕೊನೆಗೆ ಕಣ್ಣು ಮುಚ್ಚಿ ಬರೀ ಕೇಳುವುದು.

ಕುಬ್ರಿಕ್‌ನ ‘ದಿ ಶೈನಿಂಗ್’ (1980) ಸದ್ದಿಲ್ಲದೆ ನೋಡಿದಾಗ ನನಗೆ ಆಶ್ಚರ್ಯವೇ ಆಯಿತು. ಮೊಂಟಾನಾದ ಬೆಟ್ಟಗಳು, ಕೆರೆ, ತಿರುವು ರಸ್ತೆ, ಅದರ ಮೇಲೆ ಚಿಕ್ಕದೊಂದು ಹಳದಿ ಫೋಕ್ಸ್‌ವ್ಯಾಗನ್ ಕಾರು. ಪ್ರವಾಸೋದ್ಯಮದ ಜಾಹೀರಾತು ಎಂದರೂ ನಂಬಬಹುದು. ಸದ್ದು ಹಾಕಿದ ಕೂಡಲೇ ಅದೇ ಕಾರು ಸಾವಿನ ಕಡೆಗೆ ಹೋಗುತ್ತಿದೆ ಎನ್ನಿಸುತ್ತದೆ. ಮಧ್ಯಯುಗದ ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ‘ಡಿಯೆಸ್ ಇರೇ’ಯ ರಾಗವನ್ನು ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಸಿಂಥಸೈಜರ್‌ನಲ್ಲಿ ಎಳೆದು ನುಡಿಸಿದ್ದಾರೆ ಎಂದು ಅಕ್ಕ ಹೇಳಿದಳು. ಚಿತ್ರದಲ್ಲಿ ಇನ್ನೂ ಏನೂ ಆಗಿಲ್ಲ. ಎಲ್ಲವೂ ಕಿವಿಯಲ್ಲಿ ಆಗಿಹೋಗಿದೆ.

‘ಜಾಸ್’ (1975) ನೋಡುವಾಗ ನಾನು ಶಾರ್ಕ್ ಎಲ್ಲಿ ಎಂದು ಹುಡುಕಿದೆ. ಆರಂಭದಲ್ಲಿ ಅದು ಇಲ್ಲವೇ ಇಲ್ಲ. ರಾತ್ರಿ ಸಮುದ್ರಕ್ಕೆ ಇಳಿದ ಹುಡುಗಿಯನ್ನು ಯಾವುದೋ ಒಂದು ಕೆಳಗಿನಿಂದ ಎಳೆಯುತ್ತದೆ, ಅಷ್ಟೇ. ಅವಳ ಹಿಂದೆ ಬಂದ ಹುಡುಗ ದಡದಲ್ಲಿ ಕುಡಿದು ಮಲಗಿದ್ದಾನೆ. ಸ್ಪೀಲ್‌ಬರ್ಗ್ ತಂಡ ಮಾಡಿಸಿದ ಯಾಂತ್ರಿಕ ಶಾರ್ಕ್ ಉಪ್ಪುನೀರಿಗೆ ಪದೇ ಪದೇ ಕೆಡುತ್ತಿತ್ತಂತೆ, ಹಾಗಾಗಿ ಚಿತ್ರದುದ್ದಕ್ಕೂ ಅದನ್ನು ಆದಷ್ಟು ಮರೆಯಲ್ಲಿಟ್ಟರು. ದುಡ್ಡಿಲ್ಲದ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ ಎಂದು ಅಕ್ಕ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಳು. ಆ ಅಕ್ಷರ ಈಗಲೂ ಇದೆ.

ಕಾರ್ಪೆಂಟರ್‌ನ ‘ಹ್ಯಾಲೊವೀನ್’ (1978) ಮಾತ್ರ ನಮ್ಮನ್ನು ತುಂಬ ಹೊತ್ತು ಹಿಡಿದಿಟ್ಟಿತು. ಯಾರದೋ ಕಣ್ಣಿನಿಂದ ನಾವು ಒಂದು ಮನೆಯನ್ನು ಹೊರಗಿನಿಂದ ನೋಡುತ್ತೇವೆ, ಹಿತ್ತಲಿನಿಂದ ಒಳಗೆ ಹೋಗುತ್ತೇವೆ, ಅಡುಗೆಮನೆಯಲ್ಲಿ ಚಾಕು ತೆಗೆದುಕೊಳ್ಳುತ್ತೇವೆ, ಮೆಟ್ಟಿಲು ಹತ್ತುತ್ತೇವೆ. ಒಂದೇ ಉಸಿರಿಗೆ ತೆಗೆದ ಶಾಟ್‌ನಂತೆ ಕಾಣುತ್ತದೆ. ಜೋಡಿಸಿದ ಜಾಗಗಳು ಕಾಣದ ಹಾಗೆ ಬಚ್ಚಿಟ್ಟಿದ್ದಾರೆ. ಮುಖವಾಡ ಹಾಕಿಕೊಂಡ ಮೇಲೆ ಪರದೆಯಲ್ಲಿ ಎರಡು ಕಣ್ಣಿನ ತೂತು ಮಾತ್ರ ಉಳಿಯುತ್ತದೆ, ಒಳಗಿನ ಉಸಿರು ಕೇಳುತ್ತದೆ. ಮನೆಯ ಮುಂದೆ ಮುಖವಾಡ ತೆಗೆದಾಗ ನಿಂತಿರುವುದು ಆರು ವರ್ಷದ ಹುಡುಗ. ಅಕ್ಕ ಅಲ್ಲಿ ನಿಲ್ಲಿಸಿ ಕೇಳಿದಳು: ‘ನಿಮ್ಮ ಸ್ಕ್ರಿಪ್ಟಲ್ಲಿ ಬಾವಿ ಹತ್ರ ಕೊಲೆ ಆಗುತ್ತಲ್ಲ, ಅಲ್ಲಿ ನಾನು ಯಾರ ಒಳಗೆ ಕೂತಿರ್ತೀನಿ?’ ಉತ್ತರ ನನ್ನ ಹತ್ತಿರ ಇರಲಿಲ್ಲ. ಅವಳೂ ಒತ್ತಾಯಿಸಲಿಲ್ಲ.

ಉತ್ತರ ಸಿಕ್ಕಿದ್ದು ಆ ಕೆಟ್ಟ ರಾತ್ರಿ.

ಸಂಜೆ ಡಾಕ್ಟರು ‘ಬೆಳಗಿನವರೆಗೆ ನೋಡೋಣ’ ಎಂದು ಹೇಳಿ ಹೋಗಿದ್ದರು. ಅಮ್ಮನನ್ನು ಮಾವನ ಜೊತೆ ಬಲವಂತವಾಗಿ ಮಲಗಲು ಕಳಿಸಿದ್ದೆವು. ಅಂದು ಲ್ಯಾಪ್‌ಟಾಪ್ ತೆಗೆಯಲಿಲ್ಲ. ಆ ಬಾಗಿಲು ತೆರೆಯುವ ಮೊದಲು ಒಂದು ಸದ್ದು ಬರುತ್ತದೆ, ಒಳಗಿನಿಂದ ಹಿಡಿ ತಿರುಗಿಸುವ ಸದ್ದು. ಅದು ಕೇಳಿದ ತಕ್ಷಣ ಹೊರಗೆ ಮಲಗಿದವರೆಲ್ಲ ಎದ್ದು ಕೂರುತ್ತಾರೆ. ಸಿಸ್ಟರ್ ಬಂದು ಒಂದು ಹೆಸರು ಹೇಳಿ ‘ಪೇಷಂಟ್ ಕಡೆಯವರು ಯಾರು?’ ಎನ್ನುತ್ತಾರೆ. ಒಬ್ಬರು ಓಡುತ್ತಾರೆ, ಉಳಿದವರು ಮತ್ತೆ ಒರಗುತ್ತಾರೆ. ಅಂದು ಎರಡು ಕುಟುಂಬಗಳು ಅಳುತ್ತಾ ಲಿಫ್ಟಿನ ಕಡೆ ಹೋದವು. ಮೂರನೆಯದು ನಾವೇ ಎಂದು ನನಗೆ ಖಾತ್ರಿಯಾಗಿತ್ತು.

ಬೆಳಗಿನ ಜಾವದ ಹೊತ್ತಿಗೆ ನಾನು ಅಕ್ಕನಿಗೆ ಒಂದು ಮಾತು ಹೇಳಿದೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. ಏನಾದರೊಂದು ಆಗಿಹೋಗಲಿ ಅನ್ನಿಸ್ತಿದೆ ಅಕ್ಕ, ನನ್ನಿಂದ ಆಗ್ತಿಲ್ಲ ಎಂದೆ. ಹೇಳಿದ ಮೇಲೆ ಕೈಕಾಲು ನಡುಗಿತು. ಅಪ್ಪನನ್ನು ನಾನೇ ಆಚೆ ತಳ್ಳಿದಂತೆ ಅನ್ನಿಸಿತು. ಹಾಗೆಲ್ಲ ಮಾತಾಡಬೇಡ ಎಂದು ಅಕ್ಕ ಬಾಯಿ ಮುಚ್ಚಿಸಲಿಲ್ಲ, ದೇವರಿದ್ದಾನೆ ಎನ್ನಲಿಲ್ಲ. ‘ನಿಂಗೆ ಸಾಕಾಗಿರೋದು ಕಾಯೋದು. ಅಪ್ಪ ಅಲ್ಲ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ ‘ಬಾಗಿಲ ಕಡೆ ನಾನು ನೋಡ್ತಿರ್ತೀನಿ, ನೀನು ಗೋಡೆ ಕಡೆ ತಿರುಗು’ ಎಂದು ನನ್ನನ್ನು ಆ ಬದಿಗೆ ಕೂರಿಸಿ, ತಾನು ಈ ಬದಿಗೆ ಬಂದಳು. ಹಿಡಿ ತಿರುಗಿದಾಗಲೆಲ್ಲ ಅವಳು ನನ್ನ ಮೊಣಕೈ ಹಿಡಿಯುತ್ತಿದ್ದಳು. ‘ನಮಗಲ್ಲ’ ಎಂದು ಬಿಡುತ್ತಿದ್ದಳು. ಬೆಳಕಾಗುವವರೆಗೆ ಅವಳು ಕಣ್ಣು ಮುಚ್ಚಲಿಲ್ಲ. ಮರುದಿನ ಬೆಂಗಳೂರಿಗೆ ಹೋಗಿ ನೇರ ಕೆಲಸಕ್ಕೆ ಹಾಜರಾದಳು.

ಅಕ್ಕ, ಆ ರಾತ್ರಿ ನೀನು ಇರದಿದ್ದರೆ ಆ ಮಾತು ನನ್ನೊಳಗೇ ಉಳಿದು ಏನು ಮಾಡುತ್ತಿತ್ತೋ. ಇದನ್ನು ಎದುರಿಗೆ ಹೇಳಲು ಹೋದಾಗಲೆಲ್ಲ ನೀನು ಕೇಬಲ್ ಸುತ್ತುತ್ತಾ ಎದ್ದು ಹೋದೆ. ಈಗ ಎಲ್ಲರ ಮುಂದೆ ಹೇಳಿದ್ದೇನೆ.

ಅಪ್ಪ ವಾರ್ಡಿಗೆ ಬಂದ ಮೇಲೆ ಹಿಚ್‌ಕಾಕ್‌ನ ‘ಸೈಕೋ’ (1960) ಆರಂಭ ನೋಡಿದೆ, ಒಬ್ಬಳೇ. ಫೀನಿಕ್ಸ್ ನಗರ, ಶುಕ್ರವಾರ, ಡಿಸೆಂಬರ್ 11, ಮಧ್ಯಾಹ್ನ 2:43 ಎಂದು ಪರದೆಯ ಮೇಲೆ ಬರುತ್ತದೆ, ಕ್ಯಾಮೆರಾ ಒಂದು ಕಿಟಕಿಯೊಳಗೆ ನುಗ್ಗುತ್ತದೆ. ಇಷ್ಟು ಕರಾರುವಾಕ್ಕಾಗಿ ಗಂಟೆ ನಿಮಿಷ ಯಾಕೆ ಎಂದು ಮೊದಲಾದರೆ ಕೇಳುತ್ತಿದ್ದೆ. ಅಪ್ಪ ಊಟ ಮುಗಿಸಿ ಕೈ ತೊಳೆಯಲು ಎದ್ದ ಹೊತ್ತು ಯಾವುದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಅದೂ ಒಂದು ಸಾಧಾರಣ ಮಧ್ಯಾಹ್ನವೇ.

ಬಾವಿಯ ದೃಶ್ಯ ಕಿತ್ತುಹಾಕಿ ಹೊಸದಾಗಿ ಬರೆದೆ. ಅಡಿಕೆ ಸುಗ್ಗಿ. ಜಗುಲಿಯಲ್ಲಿ ರಾತ್ರಿ ಸುಲಿಯುತ್ತಿದ್ದಾರೆ. ಪರದೆಯಲ್ಲಿ ಏನೂ ಇಲ್ಲ, ಕತ್ತಲೆ. ಅಡಿಕೆ ಸುಲಿಯುವ ಏಳೆಂಟು ಮೆಟ್ಟುಗತ್ತಿಗಳ ಸದ್ದು, ಹೆಂಗಸರ ಮಾತು. ನಿಧಾನಕ್ಕೆ ಬೆಳಕು ಬಂದಾಗ ಒಳಗಿನ ಕೋಣೆಯಲ್ಲಿ ಮಲಗಿದ ಹುಡುಗಿಯ ಮುಖ. ಹೊರಗೆ ಒಬ್ಬೊಬ್ಬರೇ ಎದ್ದು ಮನೆಗೆ ಹೋಗುತ್ತಾರೆ, ಒಂದೊಂದೇ ಸದ್ದು ಕಳಚುತ್ತದೆ. ಕೊನೆಗೆ ಉಳಿಯುವುದು ಒಂದೇ ಮೆಟ್ಟುಗತ್ತಿ, ಅವಳ ಅಮ್ಮನದು. ಅದೂ ನಿಲ್ಲುತ್ತದೆ. ಹುಡುಗಿ ಕಾಯುತ್ತಾಳೆ. ಸದ್ದು ಮತ್ತೆ ಶುರುವಾಗುತ್ತದೆ, ಆದರೆ ಜಗುಲಿಯಿಂದಲ್ಲ, ಮನೆಯ ಒಳಗಿನಿಂದ. ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಅಕ್ಕ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು.

ಶೂಟಿಂಗ್ ನಡೆದದ್ದು ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಯಲ್ಲಿ, ಡಿಸೆಂಬರಿನ ಚಳಿಯಲ್ಲಿ. ಜನರೇಟರ್ ಸದ್ದು ಕೊಟ್ಟಿಗೆಯ ಹಿಂದೆ ಇಟ್ಟರೂ ಮೈಕಿಗೆ ಬರುತ್ತಿತ್ತು. ಅಕ್ಕ ಅದನ್ನು ಬಂದ್ ಮಾಡಿಸಿ, ಬ್ಯಾಟರಿ ಲೈಟಿನಲ್ಲೇ ತೆಗೆಯಿರಿ ಎಂದು ಹಟ ಹಿಡಿದಳು. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಅಲುಗದೆ ನಿಲ್ಲಿಸಿ ಒಂದೊಂದು ನಿಮಿಷ ಖಾಲಿ ಸದ್ದು ಹಿಡಿದಳು. ಮೌನಕ್ಕೂ ಒಂದೊಂದು ಕೋಣೆಯಲ್ಲಿ ಒಂದೊಂದು ದನಿ ಇರುತ್ತದೆ, ಅದಿಲ್ಲದೆ ಎಡಿಟಿಂಗ್‌ನಲ್ಲಿ ಶಾಟ್‌ಗಳು ಕೂಡುವುದಿಲ್ಲ. ದಿನವಿಡೀ ಸುಲಿದು ದಣಿದಿದ್ದರೂ ನಮಗಾಗಿ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತ ಆ ಊರಿನ ಅಕ್ಕಂದಿರಿಗೆ, ಎಲ್ಲರಿಗೂ ಹೊತ್ತುಹೊತ್ತಿಗೆ ಕಡುಬು ಬಡಿಸಿದ ದೊಡ್ಡಮ್ಮನಿಗೆ ಕೈ ಮುಗಿಯುತ್ತೇನೆ.

ಇನ್ನೊಂದು ಸಂಗತಿ ಬರೆಯದಿದ್ದರೆ ತಪ್ಪಾಗುತ್ತದೆ. ಶೂಟಿಂಗ್‌ಗೆ ಮೊದಲು ಅಕ್ಕ ಪರೀಕ್ಷೆಗೆಂದು ಒಂದಿಷ್ಟು ಸುಲಿಯುವ ಸದ್ದು ರೆಕಾರ್ಡ್ ಮಾಡಿ, ನಮ್ಮ ಮನೆಗೆ ಬಂದು ಅಪ್ಪನಿಗೆ ಹೆಡ್‌ಫೋನ್ ಹಾಕಿ ಕೇಳಿಸಿದಳು. ಆಗ ಅಪ್ಪನಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ, ಬೇಕು ಬೇಡ ಎನ್ನುವುದೂ ಕಷ್ಟವಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದರು. ಆಮೇಲೆ ತಡೆತಡೆದು ಹೇಳಿದರು: ‘ಇದು ಗೋಟು ಸುಲಿಯೋ ಸದ್ದು. ಹಸಿ ಅಡಿಕೆದು ಹೀಗೆ ಬರಲ್ಲ.’ ಗೋಟು ಎಂದರೆ ಸಿಪ್ಪೆ ಸಮೇತ ಒಣಗಿದ ಅಡಿಕೆ. ಒಳಗಿದ್ದ ಅಮ್ಮ ಓಡಿ ಬಂದರು. ಅಷ್ಟು ಉದ್ದದ ಮಾತನ್ನು ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಆಡಿರಲಿಲ್ಲ. ಅಕ್ಕ ‘ಹೌದಾ ಕಾಕಾ, ಹಂಗಾದ್ರೆ ಹಸಿದು ಹೆಂಗೆ ಬರುತ್ತೆ ಹೇಳಿ’ ಎಂದು ನೋಟ್‌ಬುಕ್ ತೆರೆದು ಪಕ್ಕ ಕೂತಳು. ಏನೂ ಆಗಿಲ್ಲವೆಂಬಂತೆ, ಕಸುಬುದಾರರ ಹತ್ತಿರ ಕೇಳುವ ಹಾಗೆ ಕೇಳಿದಳು. ಅಪ್ಪ ಅಂದು ಸಂಜೆಯವರೆಗೆ ಮಾತಾಡಿದರು. ಪರದೆಯ ಮೇಲೆ ‘ಸದ್ದಿನ ಸಲಹೆ’ ಎಂಬಲ್ಲಿ ಅಪ್ಪನ ಹೆಸರು ಬಂದದ್ದು ಪ್ರೀತಿಗೆ ಹಾಕಿದ್ದಲ್ಲ, ಕೆಲಸಕ್ಕೆ ಹಾಕಿದ್ದು.

ಶನಿವಾರ ಅಪ್ಪ ಮುಂದಿನ ಸಾಲಿನಲ್ಲಿ ಕೂತು ನೋಡಿದರು. ಹರೆಯದಲ್ಲಿ ಟೆಂಟಿನಲ್ಲಿ ‘ನಾ ನಿನ್ನ ಬಿಡಲಾರೆ’ ನೋಡಿ ಬಂದು ರಾತ್ರಿ ಹಿತ್ತಲಿಗೆ ಹೋಗಲು ಹೆದರುತ್ತಿದ್ದ ಕಥೆಯನ್ನು ಆಮೇಲೆ ನಮ್ಮ ಕ್ಲಾಸಿನವರಿಗೆಲ್ಲ ಹೇಳಿದರು. ನಮ್ಮದು ಹೇಗಿತ್ತು ಎಂದು ಕೇಳಿದ್ದಕ್ಕೆ, ಸದ್ದು ನಿಂತಾಗ ಎದೆ ಹಿಡಿದ ಹಾಗಾಯ್ತು ಎಂದರು. ನನಗೆ ಬೇರೆ ಯಾರ ಮೆಚ್ಚುಗೆಯೂ ಬೇಕಿಲ್ಲ.

ಮಳೆಗಾಲ ಮುಗಿದ ಮೇಲೆ ಅಕ್ಕ ತನ್ನದೇ ಕಿರುಚಿತ್ರ ಶುರು ಮಾಡುತ್ತಿದ್ದಾಳೆ. ಮೈಕಿನ ಬೂಮ್ ಹಿಡಿಯಲು ನಾನಿದ್ದೇನೆ. ಲೈಟು ನೋಡಿಕೊಳ್ಳುವವರು ಇಬ್ಬರು, ರಾತ್ರಿ ಗಾಡಿ ಓಡಿಸಬಲ್ಲವರು ಒಬ್ಬರು ಇನ್ನೂ ಬೇಕು. ಬಿಡುವಿದ್ದವರು ನನಗೆ ತಿಳಿಸಿ. ಅವಳು ತಾನಾಗಿ ಯಾರನ್ನೂ ಕೇಳುವುದಿಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ.