ಮೀಥೇನ್ ಲೆಕ್ಕದಲ್ಲಿ ಚಳಿಗಾಲ ಎಲ್ಲಿ?

ಸಂಪಾದಕರೇ,

ಸೈಬೀರಿಯಾ, ಅಲಾಸ್ಕಾ ಕಡೆ ಹೆಪ್ಪುಗಟ್ಟಿದ ನೆಲ ಕರಗ್ತಿದೆ, ಭೂಮಿನ ಬಿಸಿ ಮಾಡೋ ಮೀಥೇನ್ ಗ್ಯಾಸು ಬಾಂಬ್ ತರ ಸಿಡಿಯುತ್ತೆ ಅಂತ ಆಗಾಗ ಸುದ್ದಿ ಬರುತ್ತೆ, ಆದ್ರೆ ಇಷ್ಟು ಮೀಥೇನ್ ಬರುತ್ತೆ ಅನ್ನೋ ಅಂಕಿ ಎಲ್ಲಿಂದ ಬಂತು ಅಂತ ಬರೆಯೋರು ಕಮ್ಮಿ. ಈ ಗ್ಯಾಸು ಬರೋ ಅಷ್ಟು ದೊಡ್ಡ ಜೌಗು ಪ್ರದೇಶನ ಪೂರ್ತಿ ಅಳೆಯೋಕಾಗಲ್ಲ, ಅಲ್ಲೊಂದು ಇಲ್ಲೊಂದು ಗ್ಯಾಸು ಅಳೆಯೋ ಟವರ್ ಇರುತ್ತೆ, ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಕಂಪ್ಯೂಟರ್ ಮಾಡೆಲ್ ಲೆಕ್ಕ.

ತೊಡಕಿರೋದೇ ಅಲ್ಲಿ. ನೀರು ನೆಲದ ಮಟ್ಟಕ್ಕೆ ನಿಂತಿದ್ರೆ ಆಕ್ಸಿಜನ್ ಇಲ್ಲದ ಮಣ್ಣಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಮಾಡ್ತವೆ, ನೀರು ಸ್ವಲ್ಪ ಇಳಿದ್ರೆ ಮೇಲಿನ ಪದರದಲ್ಲಿರೋ ಬೇರೆ ಬ್ಯಾಕ್ಟೀರಿಯಾ ಅದನ್ನ ತಿಂದು ಕಾರ್ಬನ್ ಡೈಆಕ್ಸೈಡ್ ಮಾಡಿಬಿಡ್ತವೆ, ಇದರ ಮಧ್ಯೆ ಜೇಕು ಹುಲ್ಲಿನ ಒಳಗಿರೋ ಗಾಳಿ ದಾರಿಯಲ್ಲಿ ಒಂದಷ್ಟು ಗ್ಯಾಸು ಸ್ಟ್ರಾದಲ್ಲಿ ಎಳೆದಂಗೆ ನೇರ ಮೇಲಕ್ಕೆ ಬರುತ್ತೆ. ಇದೆಲ್ಲ ಕೆಲವೇ ಮೀಟರ್ ಅಂತರದಲ್ಲಿ ಬದಲಾಗುತ್ತೆ, ಆದ್ರೆ ಮಾಡೆಲ್ ನೆಲನ ಚೌಕ ಚೌಕವಾಗಿ ಹಂಚಿ ಲೆಕ್ಕ ಹಾಕುತ್ತೆ, ಅಂಥ ಒಂದು ಚೌಕ ಎಷ್ಟೋ ಸಲ 50 ಕಿ.ಮೀ. ಅಗಲ!

ಇನ್ನು ಚಳಿಗಾಲ. 2016ರಲ್ಲಿ ಪ್ರಕಟವಾದ ಅಲಾಸ್ಕಾದ ಟವರ್ ಅಳತೆಗಳ ಪ್ರಕಾರ ಅಲ್ಲಿ ವರ್ಷದ ಮೀಥೇನ್‌ನಲ್ಲಿ ಅರ್ಧಕ್ಕೂ ಕಮ್ಮಿಯಿಲ್ಲದಷ್ಟು ಸೆಪ್ಟೆಂಬರ್‌ನಿಂದ ಮೇ ಒಳಗೇ ಹೊರಗೆ ಬರುತ್ತೆ. ಮೇಲೆ ಹಿಮ ಬಿದ್ದಿದ್ರೂ ಒಳಗಿನ ಮಣ್ಣು ವಾರಗಟ್ಟಲೆ ಸೊನ್ನೆ ಡಿಗ್ರಿ ಆಸುಪಾಸಲ್ಲೇ ಇರುತ್ತೆ, ಪೂರ್ತಿ ಗಟ್ಟಿಯಾಗಲ್ಲ, ಜೀವಿಗಳ ಕೆಲಸನೂ ನಿಲ್ಲಲ್ಲ. ಸೊನ್ನೆಗೆ ಬಂದ ತಕ್ಷಣ ಎಲ್ಲಾ ನಿಂತೋಯ್ತು ಅನ್ಕೊಳ್ಳೋ ಮಾಡೆಲ್‌ಗೆ ಇದು ಕಾಣೋದಾದ್ರೂ ಹೇಗೆ? ಸಣ್ಣ ಕೆರೆಗಳನ್ನ ಜೌಗಿನ ಲೆಕ್ಕದಲ್ಲೂ ಕೆರೆ ಲೆಕ್ಕದಲ್ಲೂ ಎರಡೆರಡು ಸಲ ಸೇರಿಸೋ ಎಡವಟ್ಟು ಬೇರೆ.

ಹಾಗಂತ ಮಾಡೆಲ್ಲೇ ಬೇಡ ಅಂತಲ್ಲ, ಅದು ಬಿಟ್ರೆ ಮುಂದಿನದು ಹೇಳೋಕೆ ಬೇರೆ ದಾರಿ ಇಲ್ಲ. ಆದ್ರೆ ಒಂದೇ ಅಂಕಿ ದಪ್ಪಕ್ಷರದಲ್ಲಿ ಹಾಕೋ ಬದಲು ಕನಿಷ್ಠ ಗರಿಷ್ಠ ಎರಡೂ ಕೊಡಿ, ಚಳಿಗಾಲದ್ದು ಸೇರಿದ್ಯಾ ಅಂತನೂ ಒಂದು ಸಾಲು ಹಾಕಿ.

– ಒಬ್ಬ ಓದುಗ