ಔಟ್‌ಪುಟ್ ಸೇರಬೇಕಾದ ನೋಡ್ ಜೆಸಿಎಲ್‌ನಲ್ಲೇ ಇರಲಿ

ಮಾನ್ಯ ಸಂಪಾದಕರೇ,

ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರಿ ಕಂಪ್ಯೂಟರ್) ಬಗ್ಗೆ ಬರೆಯುವವರು ಅದರ ವೇಗವನ್ನು ಹೊಗಳುತ್ತಾರೆಯೇ ಹೊರತು, ಒಂದು ನೋಡ್‌ನಲ್ಲಿ (ಜಾಲಕ್ಕೆ ಸೇರಿದ ಒಂದು ಕಂಪ್ಯೂಟರ್ ವ್ಯವಸ್ಥೆಯಲ್ಲಿ) ಮುಗಿದ ಜಾಬ್‌ನ, ಅಂದರೆ ಕಂಪ್ಯೂಟರ್‌ಗೆ ಒಪ್ಪಿಸಿದ ಕೆಲಸದ, ಔಟ್‌ಪುಟ್ ಯಾವ ನೋಡ್ ಸೇರಬೇಕೆಂಬ ಪ್ರಶ್ನೆಯನ್ನು ಎತ್ತುವುದು ಅಪರೂಪ.

ಜಾಬ್‌ಗಳನ್ನೂ ಅವುಗಳ ಔಟ್‌ಪುಟ್ಟನ್ನೂ ನಿರ್ವಹಿಸುವ ಐಬಿಎಂನ ಜೆಇಎಸ್2 ವ್ಯವಸ್ಥೆಯಲ್ಲಿ ಜಾಬನ್ನು ದೂರದ ನೋಡ್‌ನಲ್ಲಿ ಓಡಿಸಿದರೂ, ಬೇರೆ ಸೂಚನೆ ಇಲ್ಲದಿದ್ದರೆ ಔಟ್‌ಪುಟ್ ಅದನ್ನು ಸಲ್ಲಿಸಿದ ನೋಡ್‌ಗೇ ಮರಳುತ್ತದೆ. ಬೇರೆಡೆ ಬೇಕಿದ್ದರೆ 'ರೂಟ್ ಪ್ರಿಂಟ್' ಸಾಲನ್ನೋ 'ಡೆಸ್ಟ್' ಸೂಚನೆಯನ್ನೋ ಜೆಸಿಎಲ್‌ನಲ್ಲೇ (ಜಾಬ್‌ನ ಜೊತೆ ಕೊಡುವ ಸೂಚನೆಗಳ ಸಾಲುಗಳಲ್ಲಿ) ಬರೆಯಬಹುದು. ಆದರೂ ಎಷ್ಟೋ ಕಡೆ ಅದನ್ನು ಬರೆಯದೆ, ಕೊನೇ ಗಳಿಗೆಯಲ್ಲಿ ಆಪರೇಟರ್ 'ಡಾಲರ್ ಆರ್' ಆದೇಶ ಕೊಟ್ಟು ದಾರಿ ತಿರುಗಿಸಲಿ ಎಂದು ಕೈಕಟ್ಟಿ ಕೂರುತ್ತಾರೆ. ಔಟ್‌ಪುಟ್ ಇಲ್ಲಿನ ಸ್ಪೂಲ್‌ನಲ್ಲಿ (ಔಟ್‌ಪುಟ್ ಕಾದಿರುವ ಡಿಸ್ಕ್ ಜಾಗದಲ್ಲಿ) ಇರುವವರೆಗೆ ಇದು ಸುಲಭ. ಎದುರಿನ ನೋಡ್ ಅದನ್ನು ಪೂರ್ತಿಯಾಗಿ ಸ್ವೀಕರಿಸಿದ ಮೇಲೆ ಇಲ್ಲಿನ ಪ್ರತಿ ಅಳಿದುಹೋಗುವುದರಿಂದ, ಮುಂದಿನದಕ್ಕೆ ಅಲ್ಲಿನವರನ್ನೇ ಅವಲಂಬಿಸಬೇಕಾಗುತ್ತದೆ. ಲೈನ್ ಕಡಿದರೆ ಔಟ್‌ಪುಟ್ ಕಳೆದುಹೋಗದೆ ಸ್ಪೂಲ್‌ನಲ್ಲಿ ಕಾಯುತ್ತದೆ, ಅಷ್ಟು ಸಮಾಧಾನ. ಆದರೆ ಸಂಬಳದ ಪಟ್ಟಿ ತಪ್ಪು ನೋಡ್‌ನ ಪ್ರಿಂಟರ್‌ನಲ್ಲಿ ಅಚ್ಚಾಗಿ, ಸಿಕ್ಕಸಿಕ್ಕವರ ಕೈಸೇರಿದರೆ ಯಾವ ಆದೇಶವೂ ಅದನ್ನು ಹಿಂದಕ್ಕೆ ತರಲಾರದು.

ಯಾರು ಯಾವ ನೋಡ್‌ಗೆ ಔಟ್‌ಪುಟ್ ಕಳುಹಿಸಬಹುದೆಂದು ಐಬಿಎಂನ ಭದ್ರತಾ ತಂತ್ರಾಂಶವಾದ ಆರ್‌ಎಸಿಎಫ್‌ನ 'ರೈಟರ್' ವರ್ಗದಲ್ಲಿ ಕಟ್ಟುಪಾಡು ವಿಧಿಸಲು ಅವಕಾಶವಿದೆ. ಸಂಸ್ಥೆಗಳು ಅದನ್ನು ಜಾರಿಗೆ ತಂದು, ಕೈಯಾರೆ ದಾರಿ ಬದಲಿಸಿದ ಪ್ರತಿ ಸಲವೂ ಕಾರಣವನ್ನು ದಾಖಲಿಸುವಂತೆ ಆಪರೇಟರ್‌ಗಳಿಗೆ ಸೂಚಿಸಬೇಕು.

– ಓರ್ವ ಸಿಸ್ಟಮ್ಸ್ ಪ್ರೋಗ್ರಾಮರ್